ಡ್ರೂಯಿಡ್ ಕ್ಯೂಬ್‌ನಲ್ಲಿ ಕಾಲಾವಧಿ ಕ್ವೆರಿ ಖಾಲಿ ಬಂದರೆ ಎಲ್ಲಿಂದ ಹುಡುಕಬೇಕು

ಎರರ್ ಬಂದರೆ ಹಿಡಿದುಕೊಂಡು ಹೋಗಲು ಒಂದು ಸಾಲಾದರೂ ಸಿಗುತ್ತದೆ. ಖಾಲಿ ಉತ್ತರದಲ್ಲಿ ಅದೂ ಇರುವುದಿಲ್ಲ. ಸಮಯಕ್ಕೆ ಅಂಟಿಕೊಂಡ ಡೇಟಾವನ್ನು ವಿಶ್ಲೇಷಿಸುವ ಡೇಟಾಬೇಸ್ ಆದ ಅಪಾಚೆ ಡ್ರೂಯಿಡ್‌ನಲ್ಲಿ ಈ ತಲೆನೋವು ಸ್ವಲ್ಪ ಹೆಚ್ಚೇ. ನೀವು ಕೇಳಿದ ಅವಧಿಯ ಸೆಗ್ಮೆಂಟ್ (ಕಾಲಾವಧಿಗೆ ತಕ್ಕಂತೆ ಕತ್ತರಿಸಿಟ್ಟ ಡೇಟಾ ಫೈಲ್) ಯಾವ ಸರ್ವರ್‌ನಲ್ಲೂ ಲೋಡ್ ಆಗಿಲ್ಲದಿದ್ದರೂ, ಕ್ವೆರಿ ಸ್ವೀಕರಿಸಿ ಹಂಚುವ ಬ್ರೋಕರ್ ಚಕಾರ ಎತ್ತುವುದಿಲ್ಲ; ತನಗೆ ಗೊತ್ತಿರುವ ಸೆಗ್ಮೆಂಟ್‌ಗಳನ್ನಷ್ಟೇ ವಿಚಾರಿಸಿ, ಬಂದದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಹಾಗಾಗಿ ಡೇಟಾ ಬರಲೇ ಇಲ್ಲ, ಬಂದರೂ ಬೇರೆ ಸಮಯದ ಹೆಸರಲ್ಲಿ ಕೂತಿದೆ, ಕೂತಿದ್ದರೂ ಲೋಡ್ ಆಗಿಲ್ಲ, ಲೋಡ್ ಆಗಿದ್ದರೂ ಕ್ವೆರಿಯ ಗಡಿ ತಪ್ಪಿದೆ ಎಂಬ ನಾಲ್ಕೂ ಸ್ಥಿತಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಇವುಗಳಲ್ಲಿ ಹೆಚ್ಚು ಬಾರಿ ಎದುರಾಗುವುದು ಎರಡನೆಯದು ಮತ್ತು ನಾಲ್ಕನೆಯದು. ಆದರೂ ಪೈಪ್‌ಲೈನ್ ತಂಡಕ್ಕೆ "ಡೇಟಾ ಬಂದಿಲ್ಲ" ಎಂದು ಟಿಕೆಟ್ ಹಾಕುವುದೇ ಎಲ್ಲರ ಮೊದಲ ಕೆಲಸ. ಅದಕ್ಕೆ ಮೊದಲು ಹತ್ತು ನಿಮಿಷ ಕ್ಯೂಬ್‌ನ್ನೇ, ಅಂದರೆ ವಿಶ್ಲೇಷಣೆಗೆಂದು ಜೋಡಿಸಿಟ್ಟ ಡೇಟಾವನ್ನೇ, ವಿಚಾರಿಸಿ.

ಮೊದಲ ಪ್ರಶ್ನೆ: ನಿನ್ನ ಬಳಿ ಎಲ್ಲಿಂದ ಎಲ್ಲಿಯವರೆಗೆ ಇದೆ?

ರೌಟರ್‌ನ 8888 ಪೋರ್ಟ್‌ನಲ್ಲಿ ಸಿಗುವ ವೆಬ್ ಕನ್ಸೋಲ್ ತೆರೆಯಿರಿ. ಡ್ಯಾಶ್‌ಬೋರ್ಡ್ ಬೇಡ, ಅದು ತನ್ನದೇ ಟೈಮ್‌ಝೋನ್, ತನ್ನದೇ ಕ್ಯಾಶ್ ಎರಡನ್ನೂ ನಡುವೆ ತರುತ್ತದೆ. ಕ್ವೆರಿ ಪುಟದಲ್ಲಿ ವೇರ್ ಷರತ್ತು ಏನೂ ಹಾಕದೆ ಟೈಮ್ ಕಾಲಮ್‌ನ ಮಿನ್ ಮತ್ತು ಮ್ಯಾಕ್ಸ್ ಕೇಳಿ. ಡ್ರೂಯಿಡ್‌ನ ಪ್ರತಿ ಡೇಟಾಸೋರ್ಸ್‌ನಲ್ಲೂ (ಅಂದರೆ ಟೇಬಲ್‌ನಲ್ಲೂ) ಈ ಕಾಲಮ್ ಇದ್ದೇ ಇರುತ್ತದೆ. ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಇರುವುದು ಅದೇ. ಎಸ್‌ಕ್ಯೂಎಲ್ ಬದಲು ಜೇಸನ್‌ನಲ್ಲಿ ಬರೆಯುವ ನೇಟಿವ್ ಕ್ವೆರಿ ಬಳಸುವವರಿಗೆ ಇದಕ್ಕೆಂದೇ ಟೈಮ್‌ಬೌಂಡರಿ ಎಂಬ ಕ್ವೆರಿ ಇದೆ.

ಬಂದ ಎರಡು ದಿನಾಂಕಗಳೇ ಅರ್ಧ ರೋಗ ಹೇಳುತ್ತವೆ.

ಮಿನ್ 1970ರ ಜನವರಿಯಲ್ಲಿದ್ದರೆ ಸೆಕೆಂಡುಗಳ ಸಂಖ್ಯೆಯನ್ನು ಮಿಲಿಸೆಕೆಂಡು ಎಂದು ಓದಲಾಗಿದೆ. ಉದಾಹರಣೆಗೆ 1711929600 ಎಂಬುದು ಸೆಕೆಂಡುಗಳಲ್ಲಿ 2024ರ ಏಪ್ರಿಲ್ 1, ಯುಟಿಸಿ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಮಧ್ಯರಾತ್ರಿ. ಇದನ್ನೇ ಮಿಲಿಸೆಕೆಂಡು ಎಂದುಕೊಂಡರೆ 1970ರ ಜನವರಿ 20ರ ಸಂಜೆ 7 ಗಂಟೆ 32 ನಿಮಿಷ ಆಗುತ್ತದೆ. ಇಂಜೆಸ್ಟ್ ಮಾಡುವಾಗ, ಅಂದರೆ ಡೇಟಾ ಒಳಗೆ ತುಂಬುವಾಗ, ಕೊಡುವ ಟೈಮ್‌ಸ್ಟ್ಯಾಂಪ್‌ಸ್ಪೆಕ್‌ನಲ್ಲಿ ಫಾರ್ಮ್ಯಾಟ್ ಹೇಳದೆ ಬಿಟ್ಟರೆ ಡ್ರೂಯಿಡ್ 'ಆಟೋ' ಎಂದುಕೊಳ್ಳುತ್ತದೆ. ಆಟೋಗೆ ಗೊತ್ತಿರುವುದು ಐಎಸ್ಒ ದಿನಾಂಕ ಮತ್ತು ಮಿಲಿಸೆಕೆಂಡು ಎರಡೇ. ಸೆಕೆಂಡು ಕಳಿಸುವ ಮೂಲಕ್ಕೆ 'ಪೊಸಿಕ್ಸ್' ಎಂದು ನೀವೇ ಬರೆಯಬೇಕು. ಮ್ಯಾಕ್ಸ್ 56,000ನೇ ಇಸವಿಯ ಆಸುಪಾಸಿನಲ್ಲಿದ್ದರೆ ಕಥೆ ತಿರುವುಮುರುವು: ಮೂಲ ಮೈಕ್ರೋಸೆಕೆಂಡು ಕಳಿಸುತ್ತಿದೆ, ಫಾರ್ಮ್ಯಾಟ್ 'ಮೈಕ್ರೋ' ಆಗಬೇಕು.

ಮ್ಯಾಕ್ಸ್ ಈಗಿನ ಸಮಯಕ್ಕಿಂತ ಸರಿಯಾಗಿ ಐದೂವರೆ ಗಂಟೆ ಮುಂದಿದ್ದರೆ ಭಾರತೀಯ ಸಮಯವನ್ನು ಯುಟಿಸಿ ಎಂದು ಓದಿಸಿದ್ದೀರಿ. ಇದರ ಬಗ್ಗೆ ಮುಂದೆ ವಿವರವಾಗಿ ನೋಡೋಣ.

ಎಲ್ಲ ವರ್ಷಗಳ ಡೇಟಾವೂ ಆಯಾ ವರ್ಷದ ಜನವರಿಯಲ್ಲೇ ಗುಂಪುಗೂಡಿದ್ದರೆ ದಿನಾಂಕದ ಪ್ಯಾಟರ್ನ್‌ನಲ್ಲಿ ತಿಂಗಳಿಗೆ ಸಣ್ಣಕ್ಷರದ ಎಂಎಂ ಹಾಕಿದ್ದೀರಿ. ಡ್ರೂಯಿಡ್ ಬಳಸುವ ಜೋಡಾ ಪ್ಯಾಟರ್ನ್‌ನಲ್ಲಿ ಸಣ್ಣಕ್ಷರದ್ದು ನಿಮಿಷ, ದೊಡ್ಡಕ್ಷರದ್ದು ತಿಂಗಳು. ಏಪ್ರಿಲ್ 15ರ ಸಾಲು ಜನವರಿ 15ರ ಮಧ್ಯರಾತ್ರಿ 12 ಗಂಟೆ 4 ನಿಮಿಷಕ್ಕೆ ಹೋಗಿ ಕೂರುತ್ತದೆ. ಪಾರ್ಸ್ ತಪ್ಪಿಲ್ಲದೆ ಮುಗಿಯುವುದರಿಂದ ಟಾಸ್ಕ್ ಹಸಿರು ಬಣ್ಣದಲ್ಲೇ ಮುಗಿದಿರುತ್ತದೆ.

ಮಿನ್, ಮ್ಯಾಕ್ಸ್ ಬರುವ ಬದಲು ಅಂಥ ಟೇಬಲ್ಲೇ ಇಲ್ಲ ಎಂಬ ಎರರ್ ಬಂದರೆ, ಸಾಮಾನ್ಯವಾಗಿ ಆ ಡೇಟಾಸೋರ್ಸ್‌ನ ಒಂದು ಸೆಗ್ಮೆಂಟೂ ಲೋಡ್ ಆಗಿಲ್ಲ ಎಂದರ್ಥ. ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಒಮ್ಮೆ ನೋಡಿಕೊಂಡು ನೇರವಾಗಿ ಸೆಗ್ಮೆಂಟ್‌ಗಳ ಭಾಗಕ್ಕೆ ಹೋಗಿ.

ಗಡಿಗಳು ಸರಿಯಾಗಿದ್ದು ಮಧ್ಯದ ಅವಧಿ ಮಾತ್ರ ಖಾಲಿಯಾಗಿದ್ದರೆ ಟೈಮ್‌ಫ್ಲೋರ್ (ಸಮಯವನ್ನು ದಿನ, ಗಂಟೆಯಂಥ ಅವಧಿಯ ಆರಂಭಕ್ಕೆ ಇಳಿಸುವ ಫಂಕ್ಷನ್) ಬಳಸಿ ದಿನವಾರು ಸಾಲುಗಳ ಎಣಿಕೆ ತೆಗೆಯಿರಿ. ಇಲ್ಲಿ ಒಂದು ಎಚ್ಚರಿಕೆ: ರೋಲಪ್ (ಒಂದೇ ಥರದ ಸಾಲುಗಳನ್ನು ತುಂಬುವಾಗಲೇ ಒಂದಾಗಿ ಕೂಡಿಸುವುದು) ಇರುವ ಡೇಟಾಸೋರ್ಸ್‌ನಲ್ಲಿ ಕೌಂಟ್ ಕೊಡುವುದು ಒಟ್ಟುಗೂಡಿಸಿದ ನಂತರದ ಸಾಲುಗಳ ಸಂಖ್ಯೆ. ಮೂಲ ಘಟನೆಗಳ ಸಂಖ್ಯೆ ಬೇಕಿದ್ದರೆ ಇಂಜೆಸ್ಟ್ ಮಾಡುವಾಗ ಇಟ್ಟುಕೊಂಡ ಕೌಂಟ್ ಮೆಟ್ರಿಕ್‌ನ ಮೊತ್ತ ತೆಗೆಯಬೇಕು. ಎಸ್‌ಕ್ಯೂಎಲ್‌ನಲ್ಲಿ ಗುಂಪು ಮಾಡಿದಾಗ ಡೇಟಾ ಇಲ್ಲದ ದಿನಗಳು ಸಾಲಾಗಿಯೇ ಬರುವುದಿಲ್ಲ, ಸೊನ್ನೆ ಎಂದೂ ಕಾಣುವುದಿಲ್ಲ. ನೇಟಿವ್ ಟೈಮ್‌ಸೀರೀಸ್ ಕ್ವೆರಿ ಮಾತ್ರ ಖಾಲಿ ದಿನಗಳಿಗೂ ಸಾಲು ತುಂಬಿ ಕೊಡುತ್ತದೆ, ಅದು ಬೇಡವೆಂದರೆ ಸ್ಕಿಪ್‌ಎಂಪ್ಟಿಬಕೆಟ್ಸ್ ಹಾಕಬೇಕು. ಒಂದೇ ಡೇಟಾಗೆ ಇಬ್ಬರು ಎರಡು ಥರ ಉತ್ತರ ತಂದು ವಾದಕ್ಕೆ ಬಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಕ್ವೆರಿಯ ಗಡಿಗಳು

ಡೇಟಾ ಇದೆ, ಗಡಿಯೂ ಸರಿ ಎಂದಾದರೆ ಕ್ವೆರಿಯನ್ನೇ ಅನುಮಾನಿಸಬೇಕು. ಎಕ್ಸ್‌ಪ್ಲೇನ್ ಪ್ಲಾನ್ ಫಾರ್ ಎಂದು ಮುಂದೆ ಸೇರಿಸಿ ಓಡಿಸಿ, ಬಂದ ಜೇಸನ್‌ನಲ್ಲಿ ಇಂಟರ್ವಲ್ಸ್ ಎಂಬ ಭಾಗ ಓದಿ. ಡ್ರೂಯಿಡ್ ನಿಮ್ಮ ವೇರ್ ಷರತ್ತನ್ನು ಯಾವ ಕಾಲಾವಧಿ ಎಂದು ಅರ್ಥಮಾಡಿಕೊಂಡಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ, ಅದೂ ಯುಟಿಸಿಯಲ್ಲಿ. ಅಲ್ಲಿ ಋಣ 146136543ನೇ ಇಸವಿಯಿಂದ 146140482ರವರೆಗೆ ಎಂಬ ವಿಚಿತ್ರ ಅವಧಿ ಕಂಡರೆ ಗಾಬರಿ ಬೇಡ. ಅದು ಡ್ರೂಯಿಡ್‌ನ ಲೆಕ್ಕದಲ್ಲಿ ಅನಾದಿಯಿಂದ ಅನಂತದವರೆಗೆ. ಅಂದರೆ ನಿಮ್ಮ ಸಮಯದ ಷರತ್ತು ಇಂಟರ್ವಲ್ ಆಗಲಿಲ್ಲ, ಮಾಮೂಲಿ ಫಿಲ್ಟರ್ ಆಗಿ ಉಳಿದಿದೆ. ಕ್ವೆರಿ ನಿಧಾನವಾಗುವುದೂ ಇದರಿಂದಲೇ. ದಿನಾಂಕದ ಸ್ಟ್ರಿಂಗ್ ಕಾಲಮ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ಅದರ ಮೇಲೆ ಫಿಲ್ಟರ್ ಮಾಡುವವರಿಗೆ ಇದು ಕಟ್ಟಿಟ್ಟ ಬುತ್ತಿ.

ಇಂಟರ್ವಲ್‌ನಲ್ಲಿ ಆರಂಭ ಸೇರುತ್ತದೆ, ಅಂತ್ಯ ಸೇರುವುದಿಲ್ಲ. ಏಪ್ರಿಲ್ ತಿಂಗಳು ಬೇಕೆಂದರೆ ಏಪ್ರಿಲ್ 1ರಿಂದ ಮೇ 1ರವರೆಗೆ. ಒಂದೇ ದಿನ ಬೇಕೆಂದು ಎರಡೂ ಕಡೆ ಏಪ್ರಿಲ್ 1 ಬರೆದರೆ ಅವಧಿಯ ಉದ್ದವೇ ಸೊನ್ನೆ. ಉತ್ತರ ಖಾಲಿ ಬಾರದೆ ಇನ್ನೇನು ಬಂದೀತು!

ಎಸ್‌ಕ್ಯೂಎಲ್‌ನ ಬಿಟ್ವೀನ್ ಇದಕ್ಕಿಂತ ಮೋಸದ್ದು. ಅದು ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ಆದರೆ ಗಂಟೆ ಹೇಳದ ದಿನಾಂಕ ಎಂದರೆ ಆ ದಿನದ ಮಧ್ಯರಾತ್ರಿ. ಏಪ್ರಿಲ್ 1 ಮತ್ತು ಏಪ್ರಿಲ್ 30ರ ನಡುವೆ ಎಂದರೆ 30ನೇ ತಾರೀಖಿನ ಮೊದಲ ಕ್ಷಣಕ್ಕೇ ಬಾಗಿಲು ಮುಚ್ಚುತ್ತದೆ, ಇಡೀ 30ನೇ ತಾರೀಖು ಹೊರಗೆ. ಏಪ್ರಿಲ್ 1 ಮತ್ತು ಏಪ್ರಿಲ್ 1ರ ನಡುವೆ ಎಂದರೆ ಆ ಒಂದು ಕ್ಷಣದ ಡೇಟಾ ಮಾತ್ರ. ದಿನಮಟ್ಟಕ್ಕೆ ರೋಲಪ್ ಆದ ಟೇಬಲ್‌ನಲ್ಲಿ ಎಲ್ಲ ಸಾಲುಗಳೂ ಆ ಕ್ಷಣದಲ್ಲೇ ಕೂತಿರುವುದರಿಂದ ಈ ತಪ್ಪು ಕ್ವೆರಿಯೇ ಸರಿ ಉತ್ತರ ಕೊಟ್ಟುಬಿಡುತ್ತದೆ. ಅದೇ ಕ್ವೆರಿಯನ್ನು ನಿಮಿಷಮಟ್ಟದ ಟೇಬಲ್‌ಗೆ ಅಂಟಿಸಿದ ದಿನ ಖಾಲಿ. ಬಿಟ್ವೀನ್ ಬಿಟ್ಟುಬಿಡಿ, ಆರಂಭಕ್ಕೆ "ಅಷ್ಟೇ ಅಥವಾ ಹೆಚ್ಚು", ಅಂತ್ಯಕ್ಕೆ "ಕಡಿಮೆ" ಎಂಬ ಎರಡು ಷರತ್ತು ಬರೆಯುವ ಅಭ್ಯಾಸ ಒಳ್ಳೆಯದು. ಟೈಮ್ ಇನ್ ಇಂಟರ್ವಲ್ ಎಂಬ ಫಂಕ್ಷನ್ ಕೂಡ ಇದೇ ಕೆಲಸ ಮಾಡುತ್ತದೆ.

ಇನ್ನೊಂದು ಆಗಾಗ ಕಾಣುವುದು: ಟೈಮ್ ಕಾಲಮ್‌ನ್ನು ದಿನಕ್ಕೆ ಫ್ಲೋರ್ ಮಾಡಿ, ಅದನ್ನು ಬೆಳಿಗ್ಗೆ 10 ಗಂಟೆಯ ಸಮಯಕ್ಕೆ ಸಮ ಎಂದು ಹೋಲಿಸುವುದು. ಫ್ಲೋರ್ ಆದ ಮೇಲೆ ಬೆಲೆ ಯಾವಾಗಲೂ ಮಧ್ಯರಾತ್ರಿ. ಅದು 10 ಗಂಟೆಗೆ ಎಂದೂ ಸಮವಾಗದು. ಡ್ಯಾಶ್‌ಬೋರ್ಡ್‌ನ ವೇರಿಯಬಲ್‌ನಿಂದ ಬೆಲೆ ಬರುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸೂಪರ್‌ಸೆಟ್ ಆಗಲಿ ಗ್ರಾಫಾನಾ ಆಗಲಿ, ಅದು ನಿಜವಾಗಿ ಕಳಿಸಿದ ಕ್ವೆರಿಯನ್ನು ತೆಗೆದು ಕನ್ಸೋಲ್‌ನಲ್ಲಿ ಅಂಟಿಸಿ ಓಡಿಸಿ ನೋಡಬೇಕು.

ಆರ್ಥಿಕ ವರ್ಷದ ವರದಿಗಳೂ ಇಲ್ಲೇ ಎಡವುತ್ತವೆ. 2024-25 ಎಂದರೆ ಭಾರತೀಯ ಸಮಯದಲ್ಲಿ 2024ರ ಏಪ್ರಿಲ್ 1ರಿಂದ 2025ರ ಏಪ್ರಿಲ್ 1ರವರೆಗೆ. ಯುಟಿಸಿಯಲ್ಲಿ ಬರೆದರೆ 2024ರ ಮಾರ್ಚ್ 31ರ 18:30ರಿಂದ 2025ರ ಮಾರ್ಚ್ 31ರ 18:30ರವರೆಗೆ. ಡ್ರೂಯಿಡ್‌ನ ಇಯರ್, ಕ್ವಾರ್ಟರ್ ಗ್ರಾನ್ಯುಲಾರಿಟಿಗಳು ಕ್ಯಾಲೆಂಡರ್ ವರ್ಷದವು, ಅವುಗಳನ್ನು ನಂಬಿ ಆರ್ಥಿಕ ವರ್ಷದ ಗಡಿ ಹಾಕಬೇಡಿ.

ಐದೂವರೆ ಗಂಟೆಯ ಕಾಟ

ಡ್ರೂಯಿಡ್ ಸಮಯವನ್ನೆಲ್ಲ ಯುಟಿಸಿ ಮಿಲಿಸೆಕೆಂಡುಗಳಲ್ಲೇ ಇಡುತ್ತದೆ. ಎಸ್‌ಕ್ಯೂಎಲ್‌ನಲ್ಲಿ ನೀವು ಬರೆದ ಟೈಮ್‌ಸ್ಟ್ಯಾಂಪನ್ನೂ ಬೇರೆ ಹೇಳದಿದ್ದರೆ ಯುಟಿಸಿ ಎಂದೇ ಓದುತ್ತದೆ. ಭಾರತೀಯ ಸಮಯದಲ್ಲಿ ಯೋಚಿಸಿ ಬರೆಯುವುದಾದರೆ ಕ್ವೆರಿಯ ಕಾಂಟೆಕ್ಸ್ಟ್‌ನಲ್ಲಿ ಎಸ್‌ಕ್ಯೂಎಲ್‌ಟೈಮ್‌ಝೋನ್ ಎಂಬುದಕ್ಕೆ ಏಷ್ಯಾ/ಕೋಲ್ಕತಾ ಕೊಡಿ. ಆಗ ಫ್ಲೋರ್ ಕೂಡ ನಮ್ಮ ಮಧ್ಯರಾತ್ರಿಗೇ ದಿನ ಕತ್ತರಿಸುತ್ತದೆ. ಇಡೀ ಕ್ಲಸ್ಟರ್‌ನ ಡೀಫಾಲ್ಟ್ ಬದಲಿಸುವ ಆಯ್ಕೆಯೂ ಇದೆ, ಆದರೆ ಬೇರೆ ದೇಶದ ತಂಡಗಳು ಅದೇ ಕ್ಲಸ್ಟರ್ ಬಳಸುತ್ತಿದ್ದರೆ ನಿಮ್ಮ ರಿಪೇರಿ ಅವರ ತೊಂದರೆ.

ಕ್ವೆರಿಯ ಕಡೆ ಇಷ್ಟು ಮಾಡಿದರೂ ಇಂಜೆಸ್ಟ್ ಕಡೆಯ ತಪ್ಪು ಉಳಿದಿರಬಹುದು. ಮೂಲದ ಸ್ಟ್ರಿಂಗ್‌ನಲ್ಲಿ ಆಫ್‌ಸೆಟ್ ಇಲ್ಲದೆ ಬರೀ "2024-04-01 10:00:00" ಎಂದು ಬಂದರೆ ಡ್ರೂಯಿಡ್ ಅದನ್ನು ಯುಟಿಸಿ 10 ಗಂಟೆ ಎಂದು ಇಡುತ್ತದೆ. ನಿಜವಾದ ಯುಟಿಸಿ ಸಮಯ 04:30. ಈಗ "ಕಳೆದ 15 ನಿಮಿಷ" ಎಂಬ ಕ್ವೆರಿ ಬೆಳಿಗ್ಗೆ 10ಕ್ಕೆ ಓಡಿದರೆ ಅದು 04:15ರಿಂದ 04:30ರವರೆಗಿನ ಸಾಲು ಹುಡುಕುತ್ತದೆ; ಅಲ್ಲಿ ಕೂತಿರುವುದು ನಸುಕಿನ ನಾಲ್ಕೂಕಾಲಿನ ವ್ಯವಹಾರ. ಆ ಹೊತ್ತಿಗೆ ಯಾವ ವ್ಯವಹಾರವೂ ನಡೆದಿರದಿದ್ದರೆ ಖಾಲಿ. ಸಂಜೆ ಆರಕ್ಕೆ ಅದೇ ಕ್ವೆರಿ ಮಧ್ಯಾಹ್ನ ಹನ್ನೆರಡೂವರೆಯ ಸಂಖ್ಯೆ ತೋರಿಸುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಬೆಳಿಗ್ಗೆ ಮಾತ್ರ ಖಾಲಿ, ಸಂಜೆ ಸರಿ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಸರಿಪಡಿಸಲು ಉತ್ತಮ ದಾರಿ ಮೂಲದಲ್ಲೇ +05:30 ಸೇರಿಸಿ ಕಳಿಸುವುದು. ಅದು ಕೈಯಲ್ಲಿಲ್ಲದಿದ್ದರೆ ಟ್ರಾನ್ಸ್‌ಫಾರ್ಮ್‌ಸ್ಪೆಕ್‌ನಲ್ಲಿ ಟೈಮ್‌ಸ್ಟ್ಯಾಂಪ್ ಪಾರ್ಸ್ ಎಂಬ ಎಕ್ಸ್‌ಪ್ರೆಶನ್‌ಗೆ ಕಾಲಮ್, ಪ್ಯಾಟರ್ನ್, ಟೈಮ್‌ಝೋನ್ ಮೂರನ್ನೂ ಕೊಟ್ಟು, ಬಂದ ಬೆಲೆಯನ್ನು ಟೈಮ್ ಕಾಲಮ್‌ನ ಹೆಸರಿನಲ್ಲೇ ಇಡಿ. ಎಸ್‌ಕ್ಯೂಎಲ್ ಮೂಲಕ ಇಂಜೆಸ್ಟ್ ಮಾಡುವವರು ಟೈಮ್ ಪಾರ್ಸ್ ಫಂಕ್ಷನ್‌ನ ಮೂರನೆಯ ಜಾಗದಲ್ಲಿ ಟೈಮ್‌ಝೋನ್ ಬರೆದರೆ ಸಾಕು. ಹಳೆಯ ಡೇಟಾ ಮಾತ್ರ ಮತ್ತೆ ಇಂಜೆಸ್ಟ್ ಮಾಡದೆ ಸರಿಹೋಗದು. ಕ್ವೆರಿಯಲ್ಲಿ ಟೈಮ್‌ಶಿಫ್ಟ್ ಹಾಕಿ ಹೊಂದಿಸಿಕೊಂಡರೆ, ಹಳೆಯದು ತಪ್ಪು ಹೊಸದು ಸರಿ ಆಗಿರುವ ಟೇಬಲ್‌ನಲ್ಲಿ ಎರಡು ಪಟ್ಟು ಗೋಜಲು.

ರೋಲಪ್ ನುಂಗಿದ ಗಂಟೆಗಳು

ಖಾಲಿ ಉತ್ತರಕ್ಕೆ ಕಾರಣಗಳಲ್ಲಿ ತೀರಾ ಕಡಿಮೆ ಜನ ಅನುಮಾನಿಸುವುದು ಇದನ್ನು. ಇಂಜೆಸ್ಟ್ ಸ್ಪೆಕ್‌ನಲ್ಲಿ ಎರಡು ಗ್ರಾನ್ಯುಲಾರಿಟಿ ಇರುತ್ತವೆ. ಸೆಗ್ಮೆಂಟ್ ಗ್ರಾನ್ಯುಲಾರಿಟಿ ಫೈಲ್‌ಗಳನ್ನು ಯಾವ ಅವಧಿಗೆ ಕತ್ತರಿಸಬೇಕು ಎಂದು ಹೇಳುತ್ತದೆ. ಅದರಿಂದ ಸಾಲಿನ ಸಮಯ ಬದಲಾಗುವುದಿಲ್ಲ. ಕ್ವೆರಿ ಗ್ರಾನ್ಯುಲಾರಿಟಿ ಹಾಗಲ್ಲ, ಸಾಲಿನ ಸಮಯವನ್ನೇ ಕತ್ತರಿಸಿ ಇಡುತ್ತದೆ. ಅದು 'ಡೇ' ಆಗಿದ್ದರೆ ಇಡೀ ದಿನದ ಸಾಲುಗಳು ಯುಟಿಸಿ 00:00ಕ್ಕೆ ಒಟ್ಟಾಗುತ್ತವೆ. ಆಮೇಲೆ ಅಂಥ ಟೇಬಲ್‌ಗೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಎಂದು ಕೇಳುವುದು, ದಿನಕ್ಕೊಂದೇ ಸಾಲು ಬರೆದಿಟ್ಟ ಅಂಗಡಿಯ ಖಾತೆ ಪುಸ್ತಕದಲ್ಲಿ ಮಧ್ಯಾಹ್ನದ ವ್ಯಾಪಾರ ಹುಡುಕಿದಂತೆ. ಯುಟಿಸಿ 00:00 ಎಂದರೆ ನಮ್ಮ ಬೆಳಿಗ್ಗೆ 5:30. ಅದನ್ನು ಒಳಗೊಳ್ಳದ ಯಾವ ಅವಧಿ ಕೊಟ್ಟರೂ ಖಾಲಿಯೇ.

ಗಂಟೆಮಟ್ಟದ ರೋಲಪ್‌ನಲ್ಲಿ ಈ ಸಮಸ್ಯೆ ಇಲ್ಲ ಎಂದುಕೊಳ್ಳಬೇಡಿ. ನಮ್ಮ ಆಫ್‌ಸೆಟ್‌ನಲ್ಲಿರುವ ಅರ್ಧ ಗಂಟೆ ಇಲ್ಲಿ ಕೆಲಸ ಕೆಡಿಸುತ್ತದೆ. ಬೆಳಿಗ್ಗೆ 10ರಿಂದ 10:30 ಎಂದರೆ ಯುಟಿಸಿ 04:30ರಿಂದ 05:00. ಗಂಟೆಯ ಬಕೆಟ್‌ಗಳು ಕೂತಿರುವುದು 04:00 ಮತ್ತು 05:00ರಲ್ಲಿ. ಮೊದಲನೆಯದು ಅವಧಿಯ ಹೊರಗೆ, ಎರಡನೆಯದು ಅಂತ್ಯದ ಗಡಿಯ ಮೇಲೆ. ಅಂತ್ಯ ಸೇರುವುದಿಲ್ಲವಾದ್ದರಿಂದ ಅದೂ ಹೊರಗೆ. ಉತ್ತರ ಖಾಲಿ. 10ರಿಂದ 11 ಎಂದು ಕೇಳಿದರೆ 05:00ರ ಬಕೆಟ್ ಸಿಗುತ್ತದೆ, ಆದರೆ ಅದರಲ್ಲಿರುವುದು ನಮ್ಮ 10:30ರಿಂದ 11:30ರ ಲೆಕ್ಕ. ಖಾಲಿ ಬಂದರೆ ಹೋಗಲಿ, ಹುಡುಕಿಯಾದರೂ ಹುಡುಕುತ್ತೇವೆ. ಅರ್ಧ ಗಂಟೆ ಜಾರಿದ ಸಂಖ್ಯೆ ಸೀದಾ ಮ್ಯಾನೇಜರ್‌ನ ಸ್ಲೈಡ್‌ಗೆ ಹೋಗಿಬಿಡುತ್ತದೆ.

ಭಾರತೀಯ ಸಮಯದ ವರದಿಗಳೇ ಮುಖ್ಯವಾಗಿರುವ ಟೇಬಲ್‌ಗೆ ಕ್ವೆರಿ ಗ್ರಾನ್ಯುಲಾರಿಟಿ ಗಂಟೆಗೆ ಇಡುವ ಬದಲು 'ಥರ್ಟಿ ಮಿನಿಟ್' ಇಡಿ. ಸಾಲುಗಳು ಹೆಚ್ಚೆಂದರೆ ದುಪ್ಪಟ್ಟಾಗುತ್ತವೆ, ಗಡಿಗಳು ಮಾತ್ರ ನಮ್ಮ ಗಂಟೆಗೆ ಸರಿಯಾಗಿ ಹೊಂದುತ್ತವೆ. ನೇಪಾಳದ ಗ್ರಾಹಕರೂ ಇದ್ದರೆ ಅಲ್ಲಿನ ಆಫ್‌ಸೆಟ್ 5:45, ಹಾಗಾಗಿ 'ಫಿಫ್ಟೀನ್ ಮಿನಿಟ್' ಬೇಕು. ದಿನಮಟ್ಟದ ರೋಲಪ್ಪೇ ಸಾಕು ಎನ್ನುವವರು ಪೀರಿಯಡ್ ಬಗೆಯ ಗ್ರಾನ್ಯುಲಾರಿಟಿಯಲ್ಲಿ ಒಂದು ದಿನದ ಅವಧಿಯ ಜೊತೆ ಏಷ್ಯಾ/ಕೋಲ್ಕತಾ ಟೈಮ್‌ಝೋನ್ ಕೊಟ್ಟು ನಮ್ಮ ಮಧ್ಯರಾತ್ರಿಗೇ ಕತ್ತರಿಸಬಹುದು. ಸೆಗ್ಮೆಂಟ್ ಗ್ರಾನ್ಯುಲಾರಿಟಿಯನ್ನು ಮಾತ್ರ ಯುಟಿಸಿಯಲ್ಲೇ ಬಿಡಿ.

ಈ ವಾರದ ಡೇಟಾ ಗಂಟೆವಾರು ಸರಿಯಾಗಿ ಬರುತ್ತದೆ, ಎರಡು ತಿಂಗಳ ಹಿಂದಿನದು ಮಾತ್ರ ಖಾಲಿ ಎಂದರೆ ಕಂಪ್ಯಾಕ್ಷನ್ (ಹಳೆಯ ಸೆಗ್ಮೆಂಟ್‌ಗಳನ್ನು ಒಟ್ಟುಗೂಡಿಸಿ ಮತ್ತೆ ಬರೆಯುವ ಕೆಲಸ) ಸೆಟ್ಟಿಂಗ್ ತೆರೆಯಿರಿ. ಜಾಗ ಉಳಿಸಲು ಯಾರೋ ಅಲ್ಲಿ ಕ್ವೆರಿ ಗ್ರಾನ್ಯುಲಾರಿಟಿಯನ್ನು 'ಡೇ' ಮಾಡಿರಬಹುದು. ಆಗ ಹಳೆಯ ಸೆಗ್ಮೆಂಟ್‌ಗಳು ದಿನಮಟ್ಟಕ್ಕೆ ಮರುಬರಹವಾಗುತ್ತವೆ, ದಿನದ ಮೊತ್ತ ಸರಿಯಾಗಿಯೇ ಉಳಿಯುತ್ತದೆ, ಗಂಟೆಯ ವಿವರ ಕ್ಯೂಬ್‌ನಿಂದ ಹೋಗುತ್ತದೆ. ಅದನ್ನು ಮರಳಿ ಪಡೆಯಲು ಮೂಲ ಫೈಲ್‌ಗಳಿಂದ ಮತ್ತೆ ಇಂಜೆಸ್ಟ್ ಮಾಡಬೇಕು, ಇಲ್ಲವೇ ಹಳೆಯ ಸೆಗ್ಮೆಂಟ್‌ಗಳು ಡೀಪ್ ಸ್ಟೋರೇಜ್‌ನಿಂದ (ಸೆಗ್ಮೆಂಟ್‌ಗಳ ಮೂಲ ಪ್ರತಿ ಇರುವ ಶಾಶ್ವತ ಸಂಗ್ರಹದಿಂದ) ಇನ್ನೂ ಅಳಿಸಿಹೋಗಿರಬಾರದು.

ಸೆಗ್ಮೆಂಟ್ ಇದೆಯೇ, ಲೋಡ್ ಆಗಿದೆಯೇ

ಸಿಸ್ ಸ್ಕೀಮಾದಲ್ಲಿ ಸೆಗ್ಮೆಂಟ್ಸ್ ಎಂಬ ಟೇಬಲ್ ಇದೆ. ನಿಮ್ಮ ಡೇಟಾಸೋರ್ಸ್‌ಗೆ ಫಿಲ್ಟರ್ ಹಾಕಿ ಸ್ಟಾರ್ಟ್, ಎಂಡ್, ವರ್ಷನ್, ನಮ್ ರೋಸ್, ಈಸ್ ಪಬ್ಲಿಶ್ಡ್, ಈಸ್ ಅವೈಲಬಲ್, ಈಸ್ ಓವರ್‌ಶ್ಯಾಡೋಡ್ ಕಾಲಮ್‌ಗಳನ್ನು ತೆಗೆಯಿರಿ. ಸ್ಟಾರ್ಟ್, ಎಂಡ್ ಎಂಬವು ಎಸ್‌ಕ್ಯೂಎಲ್‌ನ ಕಾದಿರಿಸಿದ ಪದಗಳಾದ್ದರಿಂದ ಅವಕ್ಕೆ ಡಬಲ್ ಕೋಟ್ ಬೇಕು. ಸ್ಟಾರ್ಟ್, ಎಂಡ್ ಎರಡೂ ಸ್ಟ್ರಿಂಗ್‌ಗಳು. ಐಎಸ್ಒ ರೂಪದಲ್ಲಿರುವುದರಿಂದ ಅಕ್ಷರಕ್ರಮದ ಹೋಲಿಕೆ ಕೆಲಸ ಮಾಡುತ್ತದೆ.

ಪಬ್ಲಿಶ್ಡ್ 1, ಅವೈಲಬಲ್ 0 ಇದ್ದರೆ ಡೇಟಾ ಡೀಪ್ ಸ್ಟೋರೇಜ್‌ನಲ್ಲಿದೆ, ಸೆಗ್ಮೆಂಟ್ ಲೋಡ್ ಮಾಡಿಕೊಂಡು ಕ್ವೆರಿಗೆ ಉತ್ತರಿಸುವ ಹಿಸ್ಟಾರಿಕಲ್ ಸರ್ವರ್‌ಗೆ ಬಂದಿಲ್ಲ. ಹಿಸ್ಟಾರಿಕಲ್‌ನ ಸೆಗ್ಮೆಂಟ್ ಕ್ಯಾಶ್ ಜಾಗ ತುಂಬಿದೆಯೇ ಎಂದು ಕನ್ಸೋಲ್‌ನ ಸರ್ವಿಸಸ್ ಪುಟದಲ್ಲಿ ನೋಡಿ. ಲೋಡ್ ರೂಲ್‌ನಲ್ಲಿ ಬರೆದ ಟಯರ್‌ನ (ಸರ್ವರ್ ಗುಂಪಿನ) ಹೆಸರಿನ ಸರ್ವರ್ ಒಂದೂ ಇಲ್ಲದಿದ್ದರೂ ಹೀಗೇ ಆಗುತ್ತದೆ. ರೆಪ್ಲಿಕಾ ಸಂಖ್ಯೆ ಸೊನ್ನೆ ಇಟ್ಟಿದ್ದರೆ ಅದು ಬೇಕೆಂದೇ ಮಾಡಿದ್ದು. ಆ ಡೇಟಾ ಡೀಪ್ ಸ್ಟೋರೇಜ್ ಕ್ವೆರಿಗೆ ಮಾತ್ರ ಸಿಗುತ್ತದೆ.

ನೇಟಿವ್ ಕ್ವೆರಿಯ ಕಾಂಟೆಕ್ಸ್ಟ್‌ನಲ್ಲಿ ಅನ್‌ಕವರ್ಡ್ ಇಂಟರ್ವಲ್ಸ್ ಲಿಮಿಟ್ ಎಂಬುದಕ್ಕೆ 10ರಂಥ ಸಣ್ಣ ಸಂಖ್ಯೆ ಕೊಟ್ಟರೆ, ಕೇಳಿದ ಅವಧಿಯಲ್ಲಿ ಸೆಗ್ಮೆಂಟೇ ಸಿಗದ ತುಣುಕುಗಳನ್ನು ಬ್ರೋಕರ್ ರೆಸ್ಪಾನ್ಸ್ ಕಾಂಟೆಕ್ಸ್ಟ್ ಹೆಡರ್‌ನಲ್ಲಿ ಪಟ್ಟಿ ಮಾಡಿ ಕಳಿಸುತ್ತದೆ. ಮಾನಿಟರಿಂಗ್‌ಗೆ ಇದನ್ನು ಹಾಕಿಡುವವರು ಕಡಿಮೆ, ಹಾಕಿಟ್ಟರೆ ಒಳ್ಳೆಯದು.

ಆ ಅವಧಿಗೆ ಸೆಗ್ಮೆಂಟೇ ಇಲ್ಲದಿದ್ದರೆ ಎರಡು ಕಡೆ ನೋಡಬೇಕು.

ಒಂದು, ಯಾವ ಅವಧಿಯ ಡೇಟಾ ಇಟ್ಟುಕೊಳ್ಳಬೇಕು ಎಂದು ಹೇಳುವ ರಿಟೆನ್ಶನ್ ರೂಲ್‌ಗಳು. ಇವನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಮೊದಲು ಹೊಂದಿದ ರೂಲ್ ಜಾರಿ. "ಒಂದು ತಿಂಗಳ ಡೇಟಾ ಲೋಡ್ ಮಾಡು" ಎಂಬುದರ ಕೆಳಗೆ "ಉಳಿದದ್ದು ಡ್ರಾಪ್" ಇದ್ದರೆ ಹಳೆಯ ಅವಧಿ ಖಾಲಿ ಬರುವುದೇ ಸರಿ. "ಶಾಶ್ವತ ಡ್ರಾಪ್" ಮೇಲೆ ಬಂದುಬಿಟ್ಟರೆ ಎಲ್ಲವೂ ಖಾಲಿ. ಪೀರಿಯಡ್ ರೂಲ್‌ನಲ್ಲಿ ಇನ್‌ಕ್ಲೂಡ್ ಫ್ಯೂಚರ್ ತೆಗೆದಿದ್ದರೆ, ಟೈಮ್‌ಝೋನ್ ತಪ್ಪಿನಿಂದ ಮುಂದಿನ ದಿನಾಂಕ ಹೊತ್ತ ಸೆಗ್ಮೆಂಟ್‌ಗಳಿಗೆ ಆ ರೂಲ್ ಹೊಂದುವುದೇ ಇಲ್ಲ.

ಇನ್ನೊಂದು ಮರುಇಂಜೆಸ್ಟ್. ಸೆಗ್ಮೆಂಟ್ ಗ್ರಾನ್ಯುಲಾರಿಟಿ 'ಮಂಥ್' ಇರುವ ಟೇಬಲ್‌ಗೆ ಏಪ್ರಿಲ್ 12ರ ಫೈಲ್ ಒಂದನ್ನೇ, ಅಪೆಂಡ್ ಟು ಎಕ್ಸಿಸ್ಟಿಂಗ್ ಹಾಕದೆ ಓಡಿಸಿದರೆ ಹೊಸ ವರ್ಷನ್ ಇಡೀ ಏಪ್ರಿಲ್‌ನ ಸ್ಥಾನ ಹಿಡಿಯುತ್ತದೆ. ಉಳಿದ 29 ದಿನಗಳು ಮರೆಯಾಗುತ್ತವೆ. ಎಸ್‌ಕ್ಯೂಎಲ್‌ನಲ್ಲಿ ರಿಪ್ಲೇಸ್ ಜೊತೆ ಓವರ್‌ರೈಟ್ ಆಲ್ ಬರೆದರಂತೂ ಏಪ್ರಿಲ್ ಮಾತ್ರವಲ್ಲ, ಇಡೀ ಟೇಬಲ್ಲೇ ಆ ಒಂದು ದಿನದ್ದಾಗುತ್ತದೆ. ಓವರ್‌ರೈಟ್ ವೇರ್ ಬಳಸಿ, ಅದರ ಗಡಿಯನ್ನು ಪಾರ್ಟಿಶನ್ಡ್ ಬೈ ಹೇಳಿದ ಮಟ್ಟಕ್ಕೇ ಹೊಂದಿಸಿ. ಸೆಗ್ಮೆಂಟ್ಸ್ ಟೇಬಲ್‌ನಲ್ಲಿ ಒಂದು ತಿಂಗಳ ವರ್ಷನ್ ಮಾತ್ರ ಇತ್ತೀಚಿನದಾಗಿದ್ದು, ಸಾಲುಗಳ ಸಂಖ್ಯೆ ಅಕ್ಕಪಕ್ಕದ ತಿಂಗಳುಗಳ ಮೂವತ್ತನೇ ಒಂದು ಭಾಗದಷ್ಟಿದ್ದರೆ ಸಾಕ್ಷಿ ಸಿಕ್ಕಿದ ಹಾಗೆ.

ಬಂದೇ ಇಲ್ಲದ ಸಾಲುಗಳು

ಇಲ್ಲಿಯವರೆಗೆ ಏನೂ ಸಿಗದಿದ್ದರೆ ಟಾಸ್ಕ್ ರಿಪೋರ್ಟ್ ತೆರೆದು ನಾಲ್ಕು ಎಣಿಕೆ ನೋಡಿ: ಪ್ರೊಸೆಸ್ಡ್, ಪ್ರೊಸೆಸ್ಡ್ ವಿತ್ ಎರರ್, ಥ್ರೋನ್ ಅವೇ, ಅನ್‌ಪಾರ್ಸಬಲ್.

ಥ್ರೋನ್ ಅವೇ ಹೆಚ್ಚಿದ್ದರೆ ಸಾಲುಗಳ ಸಮಯ ಅನುಮತಿಸಿದ ಅವಧಿಯ ಹೊರಗಿದೆ. ಬ್ಯಾಚ್‌ನಲ್ಲಿ ಗ್ರಾನ್ಯುಲಾರಿಟಿ ಸ್ಪೆಕ್‌ನ ಇಂಟರ್ವಲ್ಸ್ ಹಳೆಯದಾಗಿಯೇ ಉಳಿದಿರುತ್ತದೆ. ಕಳೆದ ತಿಂಗಳ ಸ್ಪೆಕ್ ನಕಲು ಮಾಡಿ ಫೈಲ್ ಹೆಸರು ಮಾತ್ರ ಬದಲಿಸಿದವರಿಗೆ ಇದು ಆಗುತ್ತದೆ. ಕಾಫ್ಕಾದಿಂದ ಹರಿದುಬರುವ ಡೇಟಾ ಆದರೆ, ಅದನ್ನು ಓದಿಸುವ ಸೂಪರ್‌ವೈಸರ್‌ನ ಲೇಟ್ ಮೆಸೇಜ್ ರಿಜೆಕ್ಷನ್ ಅಥವಾ ಅರ್ಲಿ ಮೆಸೇಜ್ ರಿಜೆಕ್ಷನ್ ಪೀರಿಯಡ್ ಕಾರಣ. ಐದೂವರೆ ಗಂಟೆ ಮುಂದಿನ ಸಾಲುಗಳು ಅರ್ಲಿ ಎಂದು ಬಿಸಾಡಲ್ಪಡುತ್ತವೆ. ಕಾಫ್ಕಾದ್ದೇ ಇನ್ನೊಂದು: ಯೂಸ್ ಅರ್ಲಿಯೆಸ್ಟ್ ಆಫ್‌ಸೆಟ್ ಡೀಫಾಲ್ಟ್ ಆಗಿ ಇಲ್ಲ ಎಂದಿರುತ್ತದೆ. ಸೂಪರ್‌ವೈಸರ್ ಮೊದಲ ಬಾರಿ ಶುರುವಾಗುವ ಮುಂಚೆ ಟಾಪಿಕ್‌ಗೆ ಬಂದದ್ದನ್ನು ಅದು ಓದಿಯೇ ಇರುವುದಿಲ್ಲ.

ಅನ್‌ಪಾರ್ಸಬಲ್ ಹೆಚ್ಚಿದ್ದರೆ ಪ್ಯಾಟರ್ನ್. ದಿನ/ತಿಂಗಳು/ವರ್ಷ ಎಂದು ಬರೆಯುವುದು ನಮ್ಮ ರೂಢಿ. ಪ್ಯಾಟರ್ನ್ ತಿಂಗಳು/ದಿನ/ವರ್ಷ ಆಗಿದ್ದರೆ 13ರಿಂದ 31ರವರೆಗಿನ ತಾರೀಖುಗಳು ಪಾರ್ಸ್ ಆಗದೆ ಬೀಳುತ್ತವೆ, 1ರಿಂದ 12ರವರೆಗಿನವು ಬೇರೆ ತಿಂಗಳಿಗೆ ಹೋಗುತ್ತವೆ. ಮೇ 4ರ ಸಾಲು ಏಪ್ರಿಲ್ 5ರಲ್ಲಿ ಸಿಗುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಮಾತ್ರ ಡೇಟಾ ಇದ್ದು ಉಳಿದದ್ದು ಖಾಲಿ ಎಂದರೆ ಬೇರೆ ಕಾರಣ ಹುಡುಕಲು ಹೋಗಬೇಡಿ. ಮಧ್ಯಾಹ್ನ ಒಂದರ ನಂತರದ ಸಾಲುಗಳೇ ಇಲ್ಲದಿದ್ದರೆ ಗಂಟೆಗೆ ಸಣ್ಣಕ್ಷರದ ಎಚ್‌ಎಚ್ ಹಾಕಿದ್ದೀರಿ. ಅದು 12 ಗಂಟೆಯ ಗಡಿಯಾರ, 13 ಎಂಬ ಸಂಖ್ಯೆ ಅದಕ್ಕೆ ಗೊತ್ತಿಲ್ಲ. ದೊಡ್ಡಕ್ಷರದ ಎಚ್‌ಎಚ್ ಬೇಕು.

ಬೇರೆ ಕ್ಯೂಬ್ ಬಳಸುವವರಿಗೆ

ಅಪಾಚೆ ಕೈಲಿನ್‌ನಲ್ಲೂ ಸೆಗ್ಮೆಂಟ್‌ನ ಆರಂಭ ಒಳಗೆ, ಅಂತ್ಯ ಹೊರಗೆ. ಏಪ್ರಿಲ್ 1ರಿಂದ 30ರವರೆಗೆ ಎಂದು ಬಿಲ್ಡ್ ಮಾಡಿ, ಮುಂದಿನದನ್ನು ಮೇ 1ರಿಂದ ಶುರು ಮಾಡಿದರೆ 30ನೇ ತಾರೀಖು ಎರಡರ ನಡುವಿನ ತೂತಿಗೆ ಬೀಳುತ್ತದೆ. ಸೆಗ್ಮೆಂಟ್ ಪಟ್ಟಿಯಲ್ಲಿ ಒಂದರ ಅಂತ್ಯವೇ ಮುಂದಿನದರ ಆರಂಭವಾಗಿದೆಯೇ ಎಂದು ಸಾಲಾಗಿ ಓದಿ ಬಂದರೆ ಸಾಕು.

ಮೈಕ್ರೋಸಾಫ್ಟ್‌ನ ಅನಾಲಿಸಿಸ್ ಸರ್ವಿಸಸ್‌ನಲ್ಲಿ ಅದರ ಕ್ವೆರಿ ಭಾಷೆಯಾದ ಎಂಡಿಎಕ್ಸ್ ಬರೆಯುವವರು ಮೊದಲು ದಿನಾಂಕದ ಮೆಂಬರ್ ಕೀ ನೋಡಬೇಕು. ಕೀ 20240401 ಎಂಬ ಪೂರ್ಣಾಂಕವಾಗಿದ್ದಾಗ ದಿನಾಂಕರೂಪದ ಕೀ ಕೊಟ್ಟರೆ ಆ ಮೆಂಬರ್ ಸಿಗುವುದಿಲ್ಲ, ಮತ್ತು ಮಿಸ್ಸಿಂಗ್ ಮೆಂಬರ್ ಮೋಡ್ ಡೀಫಾಲ್ಟ್ ಆಗಿದ್ದರೆ ಎರರ್ ಕೂಡ ಬರುವುದಿಲ್ಲ. ಕೋಲನ್ ಹಾಕಿದ ಅವಧಿಯ ಒಂದು ತುದಿ ಹೀಗೆ ಕಾಣೆಯಾದರೆ ಆ ಕಡೆ ಗಡಿಯೇ ಇಲ್ಲದಂತಾಗಿ, ಬೇಡದ್ದೆಲ್ಲ ಬರುವುದೂ ಉಂಟು. ಡೈಮೆನ್ಶನ್ ಟೇಬಲ್‌ನಲ್ಲಿ ಹೊಸ ವರ್ಷದ ದಿನಾಂಕಗಳನ್ನೇ ಸೇರಿಸದೆ ಬಿಟ್ಟಿದ್ದರೆ ಆ ಸಾಲುಗಳು ಅನ್‌ನೋನ್ ಮೆಂಬರ್ ಅಡಿಯಲ್ಲಿ ಸಿಗಬಹುದು.

ಡ್ರಾಪ್ ಆದದ್ದನ್ನು ಮರಳಿ ತರುವ ಕ್ರಮ

ಡ್ರೂಯಿಡ್‌ನಲ್ಲಿ ರೂಲ್‌ನಿಂದ ಡ್ರಾಪ್ ಆದ ಸೆಗ್ಮೆಂಟ್ 'ಅನ್‌ಯೂಸ್ಡ್' ಎಂದು ಗುರುತಾಗುತ್ತದೆ ಅಷ್ಟೇ. ಅನ್‌ಯೂಸ್ಡ್ ಸೆಗ್ಮೆಂಟ್‌ಗಳನ್ನು ಶಾಶ್ವತವಾಗಿ ಅಳಿಸುವ ಕಿಲ್ ಟಾಸ್ಕ್ ಓಡುವವರೆಗೆ ಫೈಲ್ ಡೀಪ್ ಸ್ಟೋರೇಜ್‌ನಲ್ಲೇ ಇರುತ್ತದೆ. ಆದ್ದರಿಂದ ಮೊದಲು ಆಟೋಕಿಲ್ ಚಾಲೂ ಇದ್ದರೆ ನಿಲ್ಲಿಸಿ. ನಂತರ ರಿಟೆನ್ಶನ್ ರೂಲ್ ಸರಿಪಡಿಸಿ, ಬೇಕಾದ ಅವಧಿಯ ಲೋಡ್ ರೂಲ್ ಡ್ರಾಪ್ ರೂಲ್‌ಗಿಂತ ಮೇಲೆ ಇರಲಿ. ಅದಾದ ಮೇಲೆ ಡೇಟಾಸೋರ್ಸಸ್ ಪುಟದ ಆಕ್ಷನ್ಸ್ ಮೆನುವಿನಿಂದ ಆ ಅವಧಿಯ ಸೆಗ್ಮೆಂಟ್‌ಗಳನ್ನು ಯೂಸ್ಡ್ ಎಂದು ಗುರುತಿಸಿ. ಕ್ರಮ ಅದಲುಬದಲಾದರೆ ಹಳೆಯ ರೂಲ್ ಮುಂದಿನ ಸುತ್ತಿನಲ್ಲೇ ಅವನ್ನು ಮತ್ತೆ ಡ್ರಾಪ್ ಮಾಡುತ್ತದೆ. ರೂಲ್‌ಗಳನ್ನು ಜಾರಿ ಮಾಡುವ ಕೋಆರ್ಡಿನೇಟರ್‌ನ ಸುತ್ತು ಡೀಫಾಲ್ಟ್ ಆಗಿ 60 ಸೆಕೆಂಡಿಗೊಮ್ಮೆ, ಹಾಗಾಗಿ ಒಂದೆರಡು ನಿಮಿಷ ಕಾಯಬೇಕು.

ತಪ್ಪು ಮರುಇಂಜೆಸ್ಟ್‌ನಿಂದ ಮರೆಯಾದ ತಿಂಗಳಿಗೆ ಇದರ ಜೊತೆ ಇನ್ನೊಂದು ಹೆಜ್ಜೆ ಇದೆ: ಹೊಸ ವರ್ಷನ್‌ನ ಸೆಗ್ಮೆಂಟ್‌ಗಳನ್ನು ಅನ್‌ಯೂಸ್ಡ್ ಮಾಡಿ, ಹಳೆಯ ವರ್ಷನ್‌ನವನ್ನು ಅವುಗಳ ಐಡಿ ಹೆಸರಿಸಿಯೇ ಯೂಸ್ಡ್ ಮಾಡಬೇಕು. ಬರೀ ಅವಧಿ ಹೇಳಿ ಮಾಡಿದರೆ ಹೊಸ ವರ್ಷನ್ನೇ ಎದ್ದು ಬರುತ್ತದೆ, ಅದರಡಿ ಮರೆಯಾದ ಹಳೆಯದು ಬರುವುದಿಲ್ಲ. ಸೆಗ್ಮೆಂಟ್ಸ್ ಟೇಬಲ್‌ನಲ್ಲಿ ಅವೈಲಬಲ್ 1 ಆದ ಮೇಲೆ, ಯೂಸ್ ಕ್ಯಾಶ್ ಇಲ್ಲ ಎಂದು ಕಾಂಟೆಕ್ಸ್ಟ್‌ನಲ್ಲಿ ಹಾಕಿ ಮೂಲ ಕ್ವೆರಿಯನ್ನು ಓಡಿಸಿ ನೋಡಿ. ಕನ್ಸೋಲ್‌ನಲ್ಲಿ ಸಂಖ್ಯೆ ಬಂದು ಡ್ಯಾಶ್‌ಬೋರ್ಡ್ ಮಾತ್ರ ಇನ್ನೂ ಖಾಲಿ ಎಂದರೆ ಡ್ಯಾಶ್‌ಬೋರ್ಡ್‌ನ ಕ್ಯಾಶ್ ತೆರವು ಮಾಡಬೇಕು.